ಸಾಲದ ಅಕ್ಷರ

ಬಿಭಾದಿಯ ಕಾದಂಬರಿಗಳನ್ನೆಲ್ಲ ನಾನು
ತಲೆಕೆಳಗಾಗಿಯೇ ಓದಿದವನು.
ಮೊಳೆ ಜೋಡಿಸುವವನ ಓದೇ ಹಾಗೆ:
ಸ್ಟಿಕ್ಕಿನಲ್ಲಿ ಕಾಲು ಮೇಲೆ ಮಾಡಿ ನಿಂತ ಅಕ್ಷರ,
ಸಾಲು ಮುಗಿದಾಗಲೆಲ್ಲ ಹೆಬ್ಬೆರಳಿಗೆ ತಣ್ಣಗೆ.

ಚುಂಚುಡಾದ ಖೊಡುವಾ ಬಾಜಾರದಲ್ಲಿ, ಬೆತ್ತದ ಬುಟ್ಟಿಯಂಗಡಿಯ ಹಿಂದೆ
ನಮ್ಮ ಪ್ರೆಸ್ಸು. ಒಂದು ಟ್ರೆಡಲ್, ಎರಡು ಬಲ್ಬು.
ಮದುವೆಯ ಕಾಗದ, ಹೋಮಿಯೋಪತಿ ಲೇಬಲ್ಲು,
ದುರ್ಗಾಪೂಜೆಯ ಚಂದಾ ರಶೀದಿ,
ಇವುಗಳ ಸಂದಿಯಲ್ಲಿ ಅವರ ಪುಸ್ತಕ.
ತೂಕ-ಅಳತೆ ಇಲಾಖೆಯ ಗುಮಾಸ್ತೆ ಬಿಭಾವತಿ ಸಾಂತ್ರಾ
ಹಗಲೆಲ್ಲ ಅಂಗಡಿಯವರ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ
ಐದೂವರೆಗೆ ಬರುವರು,
ಕೊಡೆಯ ಹಿಡಿಗೆ ಮಂಡಕ್ಕಿ ಪೊಟ್ಟಣ ನೇತುಹಾಕಿಕೊಂಡು.
ನನಗೆ ಮುಕ್ಕಾಲು, ಟ್ರೆಡಲ್ ತುಳಿಯುವ ಹುಡುಗನಿಗೆ ಕಾಲು,
ತಮಗೆ ಕಾಗದದ ಮಡಿಕೆಯಲ್ಲಿ ಉಳಿದದ್ದು.

ಒಂದೇ ತೊಂದರೆ. ಛ.
ನಮ್ಮ ಬಂಗಾಳಿಯಲ್ಲಿ ಇರುವುದಕ್ಕೆ ಆಛೆ, ಇದ್ದದ್ದಕ್ಕೆ ಛಿಲೊ.
ಎರಡಕ್ಕೂ ಅದೇ ಛ ಬೇಕು.
ಅವರ ಕಥೆಗಳಲ್ಲಿ ಎಲ್ಲರೂ ಇದ್ದವರು:
ಇಟ್ಟಿಗೆಗೂಡಿನ ಗಂಗಾಮಣಿ ಇದ್ದಳು,
ದೋಣಿಕಟ್ಟೆಯಲ್ಲಿ ಚೀಟಿ ಹರಿಯುವ ಕುರುಡ ಇದ್ದ,
ಆಚೆ ದಡದ ಸೆಣಬಿನ ಮಿಲ್ಲಿಗೊಂದು ಸೈರನ್ ಇತ್ತು,
ಅದಕ್ಕೆ ಎದುರುತ್ತರ ಕೊಡುವ ನಾಯಿ ಇತ್ತು.
ಕವಿತೆಗಳಲ್ಲಿ ಅವರೇ ಎದ್ದು ಬಂದು, ಇದ್ದಾರೆ.
ಇದ್ದಾರೆ, ಅಷ್ಟೆ. ಬೇರೇನೂ ಮಾಡುವುದಿಲ್ಲ.
ಮೂರು ಸಾಲಿನ ತನಕ ಗಂಗಾಮಣಿ ಸೆರಗು ಹಿಂಡುತ್ತಾಳೆ,
ನಾಲ್ಕನೆಯ ಸಾಲು ಇಲ್ಲ.

ಹದಿನಾಲ್ಕನೇ ಪುಟಕ್ಕೆ ಕೇಸಿನಲ್ಲಿ ಛದ ಮನೆ ಬರಿದು.
ಹಾಲ್ದಾರರ ಪ್ರೆಸ್ಸಿಗೆ ಓಡುವೆ,
ಕರವಸ್ತ್ರದಲ್ಲಿ ಅರವತ್ತು ಛ ಕಟ್ಟಿಕೊಂಡು ಬರುವೆ.
ಎಣಿಸಿ ಕೊಡುವರು, ಎಣಿಸಿ ಹಿಂದಕ್ಕೆ ಪಡೆಯುವರು,
ಒಂದು ಸಲ ಐವತ್ತೊಂಬತ್ತಾಗಿ ದೊಡ್ಡ ಜಗಳವೇ ಆಯಿತು.
'ದಿದಿ, ಬೇರೆ ಯಾವುದಾದರೂ ಕ್ರಿಯಾಪದ ಹಾಕಬಾರದೇ?'
ಬಿಭಾದಿ ಬಾಯಲ್ಲಿದ್ದದ್ದನ್ನು ನಿಧಾನ ಅಗಿದು ನುಂಗಿ,
'ಬೇರೆ ಯಾವುದಿದೆ ಪಾಂಚು, ನೀನೇ ಹೇಳು' ಎಂದರು.
ಆ ಮಾತನ್ನು ಜೋಡಿಸಿದ್ದರೆ ಅದಕ್ಕೂ ಒಂದು ಛ ಹೋಗುತ್ತಿತ್ತು.

ಒಂಬತ್ತನೇ ಅಧ್ಯಾಯದಲ್ಲಿ ಒಬ್ಬ ತಮ್ಮ.
ರಾತ್ರಿ ಜೀಪು ಬಂತು, ಚಪ್ಪಲಿ ಮೆಟ್ಟಲು ಬಿಡಲಿಲ್ಲ.
ಎಪ್ಪತ್ತೊಂದರಲ್ಲಿ ನಮ್ಮ ಓಣಿಗೂ ಜೀಪು ಬಂದಿದ್ದವು,
ಯಾರ ತಮ್ಮ ಎಂದು ನಾನು ಕೇಳಲಿಲ್ಲ.
ಅವನ ಎಡಗಿವಿಯ ಹಿಂದೆ ಒಂದು ಮಚ್ಚೆ ಇತ್ತು,
ಹಾಗೆಂದು ಬರೆದಿದ್ದರು, ಹಾಗೇ ಜೋಡಿಸಿದ್ದೆ.
ಮೂರನೇ ಕರಡು ಬಂದಾಗ 'ಇತ್ತು'ವಿನ ಮೇಲೆ ಕೆಂಪು ಗೀಟು.
ಅಂಚಿನಲ್ಲಿ, ಇಲಾಖೆಯ ಗುಂಡನೆಯ ಅಕ್ಷರದಲ್ಲಿ: ಇದೆ.

ಚಿಮಟ ಹಿಡಿದು ಕೂತೆ.
ಛದ ಎಡಕ್ಕಿದ್ದ ಗುಡಿಸನ್ನು ಕಿತ್ತೆ, ಬಲಕ್ಕಿದ್ದ ಲವನ್ನು ಕಿತ್ತೆ,
ಮುಂದೊಂದು ಆ ಇಟ್ಟೆ, ಅದರ ಬೆನ್ನಿಗೊಂದು ಏತ್ವ.
ಛ ಮಾತ್ರ ಅಲುಗಲಿಲ್ಲ.
ಅಕ್ಕಪಕ್ಕದವರು ಇಳಿದುಹೋಗಿ ಬೇರೆಯವರು ಹತ್ತಿ ಕೂತರೂ
ಹಾವಡಾ ಲೋಕಲ್ಲಿನಲ್ಲಿ ನಿದ್ದೆ ಹೋದವನ ಹಾಗೆ.
ಹಾಲ್ದಾರರದ್ದು ಅದು. ಬೆನ್ನಿನಲ್ಲಿ ಗೀರಿತ್ತು.

ಅಚ್ಚಾದದ್ದು ಇನ್ನೂರೈವತ್ತು.
ಮಾರಿದ್ದು ಅರವತ್ತರ ಹತ್ತಿರ, ಛಗಳಷ್ಟೇ.

ಹನ್ನೊಂದು ವರ್ಷಕ್ಕೆ ಅವರ ಅಣ್ಣನ ಮಗ ಅರ್ಧೇಂದು ಬಂದ,
ಬೋಳು ತಲೆ, ಕೈಯಲ್ಲಿ ಶ್ರಾದ್ಧದ ಕಾಗದದ ಒಕ್ಕಣೆ.
'ಈ ಊರಿನ ಗ್ರಂಥಾಲಯಕ್ಕೆ ಆಪ್ತರಾಗಿದ್ದರು' ಅಂತ ಒಂದು ವಾಕ್ಯ.
ನನಗೆ ಆಗ ಕಣ್ಣು ಮಂಜು, ಕನ್ನಡಕ ಸೈಕಲ್ಲಿನ ಬುಟ್ಟಿಯಲ್ಲಿ.
ಕೈ ತಾನೇ ತಿಳಿದ ಮನೆಗಳಿಗೆ ಹೋಯಿತು.

ಮೂರನೇ ದಿನ ಅವನು ಕೂಗಾಡಿಕೊಂಡು ಬಂದ:
'ಇದೇನು, ಆಪ್ತರಾಗಿದ್ದಾರೆ?'
ಬಿಲ್ಲಿನಲ್ಲಿ ಹದಿನೆಂಟು ರೂಪಾಯಿ ಮುರಿದುಕೊಂಡ.
ಕೈತಪ್ಪು, ಎಂದೆ.
ಅಷ್ಟರಲ್ಲಿ ಕಾಗದಗಳು ಅಂಚೆಗೆ ಬಿದ್ದಾಗಿತ್ತು,
ನೈಹಾಟಿಗೆ, ಬಾಂಸ್‌ಬೇಡಿಯಾಕ್ಕೆ, ಒಂದು ಜಮ್ಶೆಡ್‌ಪುರಕ್ಕೆ.